ಶಿರಸಿ ‘ಹಿಶಕಿ’ ಆಗುವುದು ಹೇಗೆ: ಮಕ್ಕಳಿಗೆ ಗುಟ್ಟಿನ ಬರಹ

ಮೂರನೇ, ನಾಲ್ಕನೇ ತರಗತಿಯ ಮಕ್ಕಳಿಗೆ ಗುಟ್ಟಿನ ಬರಹ ಕಲಿಸಲು ಇಂಗ್ಲಿಷ್ ಅಕ್ಷರಗಳೇ ಬೇಕೆಂದಿಲ್ಲ. ನಮ್ಮ 34 ವ್ಯಂಜನಗಳೇ ಸಾಕು. ವ್ಯಂಜನ ಮಾತ್ರ ಮುಂದೆ ಸರಿಯಬೇಕು. ಗುಣಿತ, ಸೊನ್ನೆ, ಸ್ವರ ಇದ್ದಲ್ಲೇ ಇರಬೇಕು. ಕಾರವಾರದ ಮಗು ಕೊಂಕಣಿಯಲ್ಲಿ ಬರೆದರೂ, ಶಿರಸಿಯ ಮಗು ಹವ್ಯಕ ಕನ್ನಡದಲ್ಲಿ ಬರೆದರೂ ಇದು ನಡೆಯುತ್ತದೆ.

ಚೌಕುಳಿ ಹಾಳೆಯಿಂದ ಎರಡು ಉದ್ದ ಪಟ್ಟಿ ಕತ್ತರಿಸಿ. ಮೇಲಿನದರಲ್ಲಿ ಕ-ದಿಂದ ಳ-ವರೆಗೆ 34 ಮನೆ. ಕೆಳಗಿನದರಲ್ಲಿ ಅದೇ 34, ಅದರ ಮುಂದೆ ಮತ್ತೆ ಕ ಖ ಗ ಘ ಙ, ಒಟ್ಟು 39. ಮಕ್ಕಳು ಙ, ಞ ಬಿಟ್ಟುಬಿಡುವುದು ಹೆಚ್ಚು. ಒಂದು ಮನೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಎಣಿಸಿ ನೋಡಿ.

ಎಷ್ಟು ಮನೆ ಮುಂದೆ ಸರಿಯಬೇಕೆಂಬ ಅಂಕಿಯೇ ಕೀಲಿ. ಅದು 3 ಎಂದುಕೊಳ್ಳಿ. ಮೇಲಿನ ಕ-ದ ಕೆಳಗೆ ಘ ಬರುವಂತೆ ಪಟ್ಟಿ ಸರಿಸಿ ಕ್ಲಿಪ್ ಹಾಕಿ. ಈಗ ಶಿ ಹಿ ಆಗುತ್ತದೆ, ರ ಶ ಆಗುತ್ತದೆ, ಸಿ ಸುತ್ತು ಮುಗಿಸಿ ಕಿ ಆಗುತ್ತದೆ. ಅಂಕೋಲಾ ‘ಅಂಘೋಷಾ’. ‘ಸಂಜೆ ಕಡಲಿಗೆ ಬಾ’ ಎಂದು ಬರೆಯಬೇಕಾದರೆ ‘ಕಂಟೆ ಘತಷಿಚೆ ಯಾ’.

ಒತ್ತಕ್ಷರದಲ್ಲಿ ಎರಡೂ ವ್ಯಂಜನ ಸರಿಯಬೇಕು: ಅಮ್ಮ ‘ಅಲ್ಲ’ ಆಗುತ್ತದೆ, ಮಕ್ಕಳಿಗೆ ಇದು ಬಹಳ ಇಷ್ಟ. ಅರ್ಕಾವೊತ್ತಿನಲ್ಲಿ ರ ಇದೆಯೆಂಬುದು ಅವರ ಕಣ್ಣಿಗೆ ಬೀಳುವುದಿಲ್ಲ. ಸೂರ್ಯವನ್ನು ಸೂ, ರ್, ಯ ಎಂದು ಬಿಡಿಸಿ ಹೇಳಿಸಿ, ಆಮೇಲೆ ‘ಕೂಶ್ವ’ ಬರೆಸಿ.

ಬಿಡಿಸುವವರು ಕೆಳಗಿನ ಪಟ್ಟಿಯಲ್ಲಿ ಅಕ್ಷರ ಹುಡುಕಿ ಮೇಲಿನದನ್ನು ಓದಬೇಕು. ‘ಹಿಶಕಿ’ ಬಿಡಿಸಲು ಹೋಗಿ ‘ಖಿಹಘಿ’ ಬಂತೆಂದರೆ ಮಗು ಹಿಂದೆ ಬರುವ ಬದಲು ಮತ್ತೆ ಮುಂದೆ ಹೋಗಿದೆ. ಕೀಲಿಯ ಅಂಕಿಯನ್ನು ಅದೇ ಚೀಟಿಯಲ್ಲಿ ಬರೆಯಬಾರದು, ಮೊದಲೇ ಕಿವಿಯಲ್ಲಿ ಹೇಳಿಕೊಂಡಿರಬೇಕು.

ಜೂಲಿಯಸ್ ಸೀಸರ್ ಕೂಡ 3ರ ಕೀಲಿಯನ್ನೇ ಬಳಸುತ್ತಿದ್ದ. ಆದರೆ ಇದು ಗಟ್ಟಿ ಬೀಗವಲ್ಲ, ಅದನ್ನು ಮಕ್ಕಳೇ ಒಡೆದು ನೋಡಲಿ. ಪಾಠದ ತಿರುಳು ಇರುವುದು ಅಲ್ಲೇ. ಇರುವುದು ಬರೀ 33 ಕೀಲಿ. ಅಷ್ಟನ್ನೂ ಹಾಕಿ ನೋಡಬೇಕಾಗಿಯೂ ಇಲ್ಲ: ‘ಮನೆಯಲ್ಲಿ’ ಎಂಬುದು ‘ಲಬೆವಷ್ಷಿ’ ಆದಾಗ ಕೊನೆಯ ‘ಷ್ಷಿ’ ಮೂಲದಲ್ಲಿ ‘ಲ್ಲಿ’ ಇದ್ದಿರಬೇಕೆಂದು ಕನ್ನಡ ಓದುವವರು ಊಹಿಸಬಲ್ಲರು. ಒಂದು ಅಕ್ಷರ ಸಿಕ್ಕರೆ ಕೀಲಿಯೇ ಸಿಕ್ಕಂತೆ.

ಇದು ಗೊತ್ತಾದ ಮೇಲೆ ಎರಡಂಕಿಯ ಕೀಲಿ ಕೊಡಿ, 3 ಮತ್ತು 1. ಮೊದಲ ವ್ಯಂಜನಕ್ಕೆ 3, ಎರಡನೆಯದಕ್ಕೆ 1, ಮತ್ತೆ 3. ಒತ್ತನ್ನೂ ಬೇರೆಯೇ ಎಣಿಸಬೇಕು. ಆಗ ‘ಮನೆಯಲ್ಲಿ’ ಎಂಬುದು ‘ಲಪೆವವ್ಷಿ’ ಆಗುತ್ತದೆ, ಜೋಡಿ ಲ ಕಾಣುವುದಿಲ್ಲ.