ಚೈನ್ ಸಾ ಹಲ್ಲಿಗೆ ಸಾಣೆ: ನನ್ನ ಅನುಭವ

ಸಕಲೇಶಪುರದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಜೂನ್‌ನಲ್ಲಿ ಗಾಳಿ ಮಳೆ ಹಿಡಿದರೆ ಸಿಲ್ವರ್ ಓಕ್ ಮುರಿದು ಬೀಳುವುದು ಪ್ರತಿ ವರ್ಷ ಇದ್ದದ್ದೇ. ಬಿದ್ದ ಮರ ಕಾಫಿ ಗಿಡಗಳ ಮೇಲೆ ಮಲಗಿರುತ್ತದೆ, ಹಬ್ಬಿದ್ದ ಮೆಣಸಿನ ಬಳ್ಳಿಯೂ ಅದರ ಜೊತೆ ನೆಲ ಕಂಡಿರುತ್ತದೆ. ಅಂಥ ಹೊತ್ತಲ್ಲಿ ಚೈನ್ ಸಾ, ಅಂದರೆ ಹಲ್ಲಿನ ಚೈನು ತಿರುಗಿ ಮರ ಕುಯ್ಯುವ ಮಿಷನ್ನು, ಅದರಲ್ಲಿ ಮೊಂಡು ಚೈನು ಹಾಕಿಕೊಂಡು ಮಳೆಯಲ್ಲಿ ನಿಲ್ಲುವುದಕ್ಕಿಂತ ಕಷ್ಟ ಇನ್ನೊಂದಿಲ್ಲ.

ಬಹಳ ವರ್ಷ ಉರುಟು ಅರದಲ್ಲೇ ಹರಿತ ಮಾಡಿಕೊಳ್ಳುತ್ತಿದ್ದೆ. ಒಂದು ಸಲ ಬೇಲಿ ಸಾಲಿನ ಮರ ಕುಯ್ಯುವಾಗ ತೊಗಟೆಯೊಳಗೆ ಹಳೇ ಮೊಳೆ ಸಿಕ್ಕಿತು. ಎಡಗಡೆಯ ಹಲ್ಲುಗಳೆಲ್ಲ ಮುಕ್ಕಾದವು. ಅರ ಹಾಕಿ ಸರಿ ಮಾಡಲು ನೋಡಿದೆ. ಹಲ್ಲು ಹರಿತವಾಯಿತು, ಆದರೆ ಎಡಗಡೆಯವು ಗಿಡ್ಡವಾದವು, ಬಲಗಡೆಯವು ಉದ್ದ ಉಳಿದವು. ಕುಯ್ದರೆ ಮಿಷನ್ ಒಂದೇ ಕಡೆಗೆ ಎಳೆಯುತ್ತಿತ್ತು, ಕೊಯ್ತ ಬಿಲ್ಲಿನ ಹಾಗೆ ಬಾಗುತ್ತಿತ್ತು. ಪೇಟೆಯ ಒಂದು ಅಂಗಡಿಗೆ ಸಾಣೆಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ವಾಪಸ್ ಬಂತು. ಪ್ರತಿ ಹಲ್ಲಿನ ತುದಿಯೂ ನೀಲಿ. ಹೊಸ ಅರ ಇಟ್ಟರೂ ಕಚ್ಚಲಿಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಎರಡು ದಿಮ್ಮಿ ಕುಯ್ಯುವಷ್ಟರಲ್ಲಿ ಚೈನು ಮತ್ತೆ ಮೊಂಡು. ಕುಲುಮೆ ನೋಡಿದವರಿಗೆ ಗೊತ್ತು, ಉಕ್ಕಿಗೆ ಆ ಬಣ್ಣ ಬಂತು ಅಂದರೆ ಕಾವು ಮಿತಿ ಮೀರಿದೆ, ಹದ ಕೆಟ್ಟಿದೆ.

ಆಮೇಲೆ ನಾನೇ ಚೈನ್ ಗ್ರೈಂಡರ್ ತಂದು ಶೆಡ್ಡಿನ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದೆ. ಮಚ್ಚು ಮಸೆಯುವ ಮಾಮೂಲಿ ಬೆಂಚ್ ಗ್ರೈಂಡರ್ ಈ ಕೆಲಸಕ್ಕೆ ಆಗುವುದಿಲ್ಲ. ಅದರ ಕಲ್ಲು ದಪ್ಪ, ಹಲ್ಲಿನ ಒಳಗಿನ ಕೊರಕಲಿಗೆ ಇಳಿಯುವುದೇ ಇಲ್ಲ. ಇದಕ್ಕೆ ಬೇಕಾದದ್ದು ತೆಳು ಕಲ್ಲು. ನನ್ನ ಚೈನಿನ ಪಿಚ್, ಅಂದರೆ ಕೊಂಡಿಗಳ ನಡುವಿನ ಅಂತರದ ಅಳತೆ, .325 ಇಂಚು; ಅದಕ್ಕೆ 3.2 ಮಿ.ಮೀ. ದಪ್ಪದ ಕಲ್ಲು ಹಾಕುತ್ತೇನೆ. 3/8 ಇಂಚಿನ ದೊಡ್ಡ ಚೈನಿಗಾದರೆ 4.7 ಮಿ.ಮೀ. ಬೇಕು.

ಹೊಸ ಕಲ್ಲು ಹಾಕುವ ಮುಂಚೆ ಅದನ್ನು ಬೆರಳಿಗೆ ನೇತುಹಾಕಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತೇನೆ. ಠಣ್ ಅಂದರೆ ಸರಿ. ಸದ್ದು ಮಂಕಾಗಿದ್ದರೆ ಒಳಗೆ ಬಿರುಕಿದೆ, ಎಸೆಯಬೇಕು. ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ತಿರುಗಿಸಬೇಕು. ಕಣ್ಣಿಗೆ ಕನ್ನಡಕ ಇಲ್ಲದೆ ನಮ್ಮ ಶೆಡ್ಡಿನಲ್ಲಿ ಯಾರೂ ಸ್ವಿಚ್ ಮುಟ್ಟುವ ಹಾಗಿಲ್ಲ.

ಚೈನನ್ನು ಮೊದಲು ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸುತ್ತೇನೆ. ಎಣ್ಣೆ, ಮರದ ಹುಡಿ ಉಳಿದರೆ ಕಲ್ಲಿನ ಮೈ ಮೆತ್ತಿಕೊಳ್ಳುತ್ತದೆ. ಆಮೇಲೆ ಎಲ್ಲಕ್ಕಿಂತ ಗಿಡ್ಡ ಹಲ್ಲು ಯಾವುದು ಅಂತ ಹುಡುಕಿ ಚಾಕ್‌ಪೀಸಿನ ಗುರುತು ಹಾಕುತ್ತೇನೆ. ಉಳಿದವೆಲ್ಲ ಅದರ ಅಳತೆಗೆ ಬರಬೇಕು. ಹಲ್ಲಿನ ಓರೆ ಕೋನ 30 ಡಿಗ್ರಿಗೆ ಇಟ್ಟು, ಗ್ರೈಂಡರಿನ ತಲೆ 60 ಡಿಗ್ರಿಗೆ ವಾಲಿಸಿ, ಒಂದು ಬದಿಯ ಹಲ್ಲುಗಳನ್ನು ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ತಿರುಗಿಸುತ್ತೇನೆ. ಬದಿ ಬದಲಿಸಿದ ತಕ್ಷಣ ಮೊದಲ ಹಲ್ಲನ್ನು ವರ್ನಿಯರ್‌ನಲ್ಲಿ ಅಳೆಯಲೇಬೇಕು. ನನ್ನ ಗ್ರೈಂಡರಿನಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ, ಹಲ್ಲನ್ನು ತಡೆದು ನಿಲ್ಲಿಸುವ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಳ್ಳುತ್ತೇನೆ.

ಈ ಎಡ ಬಲದ ಹಲ್ಲು ಬಂದ ಕತೆ ನನಗೆ ಬಹಳ ಇಷ್ಟ. 1946ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವರು, ಮರ ಕೊರೆಯುವ ಹುಳು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿನ್ನುತ್ತಾ ಹೋಗುವುದನ್ನು ಕಂಡು ಇಂಥ ಚೈನು ಮಾಡಿದರು. ಕಾಂಡಕೊರಕದ ಕಾಟ ಉಂಡ ಕಾಫಿಯವರಿಗೆ ಹುಳುವಿನ ಬಾಯಿಯ ಶಕ್ತಿ ಹೇಳಿಕೊಡಬೇಕಾ?

ಇನ್ನು ಸಾಣೆ ಹಿಡಿಯುವ ಕೈ. ಎಲ್ಲ ಇರುವುದು ಇಲ್ಲೇ. ಕಲ್ಲನ್ನು ಹಲ್ಲಿನ ಮೇಲೆ ಒತ್ತಿ ಹಿಡಿಯಬಾರದು. ಮುಟ್ಟಬೇಕು, ಬಿಡಬೇಕು, ಮತ್ತೆ ಮುಟ್ಟಬೇಕು. ಒಂದು ಸೆಕೆಂಡಿಗಿಂತ ಜಾಸ್ತಿ ನಾನು ನಿಲ್ಲಿಸುವುದಿಲ್ಲ. ಜಾಸ್ತಿ ತೆಗೆಯಬೇಕಿದ್ದರೆ ಒಂದೇ ಸುತ್ತಿನಲ್ಲಿ ತೆಗೆಯುವುದೂ ಇಲ್ಲ. ಎರಡು ಮೂರು ಸುತ್ತು ಹೋಗುತ್ತೇನೆ. ಚೈನಿನಲ್ಲಿ 30ಕ್ಕೂ ಹೆಚ್ಚು ಹಲ್ಲಿವೆ, ಸುತ್ತು ಮುಗಿಸಿ ಬರುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿರುತ್ತದೆ. ಇಷ್ಟು ಮಾಡಿಯೂ ಬಿಸಿ ಏರಿತು ಅಂದರೆ ಕಲ್ಲಿನ ಅಂಚು ನೋಡಿ. ಹೊಳೆಯುತ್ತಿದ್ದರೆ ಅದು ಕೊರೆಯುತ್ತಿಲ್ಲ, ಸುಮ್ನೆ ತಿಕ್ಕುತ್ತಿದೆ. ಡ್ರೆಸ್ಸಿಂಗ್ ಕಲ್ಲು ಹಿಡಿದು ಅಂಚು ಬಿಡಿಸಿ, ಉರುಟು ಮಾಡಬೇಕು. ಪ್ರತಿ ಚೈನಿಗೆ ಒಂದು ಸಲವಾದರೂ ಇದನ್ನು ಮಾಡುತ್ತೇನೆ.

ಹಲ್ಲಿನ ಮುಂದಿರುವ ಗುಬುಟನ್ನು ಮರೆಯಬಾರದು. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುವುದು ಅದೇ. ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ಗೇಜ್ ಇಟ್ಟು ನೋಡಿ, ಚಪ್ಪಟೆ ಅರದಲ್ಲಿ ಕೈಯಿಂದಲೇ ತೆಗೆಯುತ್ತೇನೆ. ಬೇಗ ಕುಯ್ಯಲಿ ಅಂತ ಜಾಸ್ತಿ ತೆಗೆದರೆ ಮಿಷನ್ ಜಗ್ಗುತ್ತದೆ, ತಿರುಗಿ ಮುಖಕ್ಕೇ ಹಾರುವ ಅಪಾಯ ಇದೆ. ಇದರಲ್ಲಿ ಆಸೆ ಬೇಡ.

ಕೊನೆಗೆ ಚೈನನ್ನು ಇನ್ನೊಮ್ಮೆ ತೊಳೆದು ಕಲ್ಲಿನ ಪುಡಿ ತೆಗೆದು, ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕುತ್ತೇನೆ. ಮೊಳೆ ತಾಗಿದ ಆ ಚೈನಿನ ಕತೆ ಮುಗಿದಿತ್ತು. ಆದರೆ ಹೀಗೆ ಮಾಡಿದ ಮೊದಲ ಚೈನನ್ನು ಹಾಕಿದ ದಿನ ನಮ್ಮ ಮರ ಕುಯ್ಯುವವರು, "ಗೌಡ್ರೇ, ಇವತ್ತು ಮಿಷನ್ ತಾನೇ ಇಳೀತಾ ಇದೆ, ನಾನು ಹಿಡ್ಕೊಂಡ್ರೆ ಸಾಕು" ಅಂದರು. ಕೆಳಗೆ ನೋಡಿದರೆ ಹಿಟ್ಟಿನಂಥ ಹುಡಿ ಅಲ್ಲ, ದಪ್ಪ ಚಕ್ಕೆ ಬೀಳುತ್ತಿತ್ತು.

ಗ್ರೈಂಡರ್ ಬಂತು ಅಂತ ಅರ ಬಿಟ್ಟಿಲ್ಲ. ಪೆಟ್ರೋಲ್ ಟ್ಯಾಂಕ್ ಖಾಲಿಯಾದಾಗೆಲ್ಲ ಮರದ ಬುಡದಲ್ಲೇ ಕೂತು ಪ್ರತಿ ಹಲ್ಲಿಗೆ ಎರಡು ಮೂರು ಎಳೆತ ಅರ ಹಾಕುತ್ತೇವೆ. ಗ್ರೈಂಡರಿಗೆ ಹೋಗುವುದು ಹಲ್ಲು ಮುಕ್ಕಾದಾಗ, ಇಲ್ಲವೇ ಉದ್ದ ಏರುಪೇರಾದಾಗ ಮಾತ್ರ. ಹಲ್ಲಿನ ಹಿಂಬದಿಯಲ್ಲಿ ಒಂದು ಓರೆ ಗೆರೆ ಇರುತ್ತದೆ, ಅಲ್ಲಿಗೆ ಸವೆದರೆ ಚೈನಿನ ಆಯುಸ್ಸು ಮುಗಿಯಿತು. ಗೆರೆ ಹತ್ತಿರ ಬಂದ ಚೈನನ್ನು ಬೇರೆ ಇಟ್ಟಿರುತ್ತೇನೆ. ಮಣ್ಣು ಮೆತ್ತಿದ ಬುಡ ಕುಯ್ಯಲು ಅದೇ ಸಾಕು, ಒಳ್ಳೇ ಚೈನು ಮಣ್ಣು ಮುಟ್ಟುವುದು ಬೇಡ.