ಸೈಕಲ್ ದಾರಿಯ ಕಷ್ಟವನ್ನು ಜಿಪಿಎಸ್ ದತ್ತಾಂಶದಿಂದ ಅಳೆಯುವ ಬಗೆ

ಬೆಂಗಳೂರಿನ ಸವಾರರು ಒಂದು ದಾರಿ ಎಷ್ಟು ಕಠಿಣವೆಂದು ಹೇಳುವಾಗ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಕೊಡುತ್ತಾರೆ: ಒಟ್ಟು ದೂರ ಮತ್ತು ಒಟ್ಟು ಏರಿದ ಎತ್ತರ. ಎರಡೂ ಬೇಕಾದವೇ, ಆದರೆ ನಂದಿಬೆಟ್ಟದಲ್ಲಿ ಒಂದೇ ಸಮನೆ ಏರಿದ 400 ಮೀಟರಿಗೂ ಊರೊಳಗಿನ ತಗ್ಗುದಿಣ್ಣೆಗಳಲ್ಲಿ ಹಂಚಿಹೋದ 400 ಮೀಟರಿಗೂ ಇರುವ ವ್ಯತ್ಯಾಸ ಅವುಗಳಲ್ಲಿ ಕಾಣುವುದಿಲ್ಲ. ಅದನ್ನು ಹಿಡಿಯುವ ಲೆಕ್ಕವನ್ನು ಸ್ಪ್ರೆಡ್‌ಶೀಟ್ ಬಲ್ಲ ಯಾರಾದರೂ ಮಾಡಬಹುದು.

ಮೊದಲು ಫೋನಿನಿಂದಲೋ ಸೈಕಲ್ ಕಂಪ್ಯೂಟರಿನಿಂದಲೋ ಸವಾರಿಯ ಜಿಪಿಎಕ್ಸ್ ಕಡತವನ್ನು ಪಡೆಯಿರಿ. ಅದರ ಪ್ರತಿ ಬಿಂದುವಿನಲ್ಲೂ ಸಾಮಾನ್ಯವಾಗಿ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯ ದಾಖಲಾಗಿರುತ್ತವೆ. ಬಿಂದುಗಳ ನಡುವಿನ ದೂರಕ್ಕೆ, ಭೂಮಿಯನ್ನು ಗೋಳವೆಂದು ಹಿಡಿದು ಲೆಕ್ಕ ಹಾಕುವ ಹ್ಯಾವರ್‌ಸೈನ್ ಸೂತ್ರ ರೂಢಿಯಲ್ಲಿದೆ. ನಮ್ಮ ಊರಿನ ಮಟ್ಟಿಗೆ ಒಂದು ಡಿಗ್ರಿ ಅಕ್ಷಾಂಶಕ್ಕೆ 110.6 ಕಿ.ಮೀ., ಒಂದು ಡಿಗ್ರಿ ರೇಖಾಂಶಕ್ಕೆ 108.5 ಕಿ.ಮೀ. ಎಂದು ಹಿಡಿದು ಪೈಥಾಗರಸ್ ಪ್ರಮೇಯವನ್ನು ಬಳಸಿದರೂ ಸಾಕು.

ನಿಜವಾದ ತೊಡಕಿರುವುದು ಎತ್ತರದಲ್ಲಿ. ಉಪಗ್ರಹಗಳೆಲ್ಲ ತಲೆಯ ಮೇಲಿನ ಆಕಾಶದಲ್ಲೇ ಇರುವುದರಿಂದ ಜಿಪಿಎಸ್ ಹೇಳುವ ಎತ್ತರದಲ್ಲಿ ದೋಷ ಹೆಚ್ಚು. ಮರಗಳ ಅಡಿಯಲ್ಲಿ, ಮೆಟ್ರೊ ಸೇತುವೆಯ ಕೆಳಗೆ ಅದು ಇನ್ನೂ ಹದಗೆಡುತ್ತದೆ. ಸಮತಟ್ಟು ರಸ್ತೆಯಲ್ಲೂ ಅಂಕಿ ಮೇಲೆ ಕೆಳಗೆ ಆಡುತ್ತಿದ್ದು, ಮೇಲಾದುದನ್ನಷ್ಟೇ ಕೂಡುತ್ತ ಹೋದರೆ ಇಲ್ಲದ ಬೆಟ್ಟವೊಂದು ಹುಟ್ಟಿಕೊಳ್ಳುತ್ತದೆ. ವಾಯುಭಾರದಿಂದ ಎತ್ತರವನ್ನು ಲೆಕ್ಕ ಹಾಕುವ ಬ್ಯಾರೋಮೀಟರ್ ಇರುವ ಸಾಧನ ಮೇಲು, ಆದರೆ ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಬದಲಾದರೆ ಅದರ ಲೆಕ್ಕದಲ್ಲಿ ಸುಮಾರು 9 ಮೀಟರ್ ಆಚೀಚೆಯಾಗುತ್ತದೆ. 2000ರಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಭೂನಕ್ಷೆಯಿಂದ ಎತ್ತರವನ್ನು ತುಂಬಿಕೊಳ್ಳುವುದು ಬೆಟ್ಟದ ದಾರಿಗೆ ಒಳ್ಳೆಯದು. ಆ ಬಳಿಕ ಕಟ್ಟಿದ ಮೇಲ್ಸೇತುವೆ, ಅಂಡರ್‌ಪಾಸ್‌ಗಳಂತೂ ಅದರಲ್ಲಿ ಇರಲಾರವು. ಯಾವ ಮೂಲವಾದರೂ ಸರಿ, ದಾರಿಯನ್ನು 50 ಮೀಟರಿನ ತುಂಡುಗಳಾಗಿಸಿ, ಪ್ರತಿ ಬಿಂದುವಿಗೆ ಅದರ ಆಚೀಚಿನ ಬಿಂದುಗಳ ಸರಾಸರಿ ಎತ್ತರವನ್ನು ಕೊಟ್ಟು, 3 ಮೀಟರಿಗಿಂತ ಕಡಿಮೆಯ ಏರಿಳಿತಗಳನ್ನು ಬಿಟ್ಟುಬಿಡಿ. ಈ 3 ಎಂಬುದು ನನ್ನ ಆಯ್ಕೆ; ಹೋಲಿಸುವ ಎಲ್ಲ ದಾರಿಗಳಿಗೂ ಅದೇ ಮಿತಿಯನ್ನು ಉಳಿಸಿಕೊಳ್ಳುವುದು ಮುಖ್ಯ.

ಉಳಿದ ಏರುಗಳನ್ನು ಒಂದೊಂದಾಗಿ ಗುರುತಿಸಿ. ಡಚ್ ಸೈಕಲ್ ಪತ್ರಿಕೆ ‘ಫೀಟ್ಸ್’ ಹೆಸರಿನ ಸೂಚ್ಯಂಕದಲ್ಲಿ ಏರಿದ ಎತ್ತರದ ವರ್ಗವನ್ನು ದೂರದ ಹತ್ತರಷ್ಟರಿಂದ ಭಾಗಿಸುತ್ತಾರೆ, ಎರಡೂ ಮೀಟರಿನಲ್ಲಿ. ತುದಿ 1000 ಮೀಟರಿಗಿಂತ ಎತ್ತರದಲ್ಲಿದ್ದರೆ ಕೊಡುವ ಹೆಚ್ಚುವರಿ ಅಂಕವನ್ನು ನಾನು ಕೈಬಿಡುತ್ತೇನೆ, ಏಕೆಂದರೆ 1478 ಮೀಟರಿನ ನಂದಿಯಲ್ಲಿ ಗಾಳಿ ತೆಳುವಾಗಿ ಯಾರಿಗೂ ಏದುಸಿರು ಬರುವುದಿಲ್ಲ. 7 ಕಿ.ಮೀ.ಯಲ್ಲಿ 400 ಮೀಟರ್ ಏರಿದರೆ 1,60,000ವನ್ನು 70,000ದಿಂದ ಭಾಗಿಸಿ ಸುಮಾರು 2.3 ಅಂಕ ಬರುತ್ತದೆ. ಬೆಂಗಳೂರು ಕಣಿವೆಗಳ ನಡುವಿನ ದಿಣ್ಣೆಯ ಮೇಲಿನ ಊರಾದ್ದರಿಂದ ಕೋರಮಂಗಲ, ವೃಷಭಾವತಿ, ಹೆಬ್ಬಾಳ ಕಣಿವೆಗಳನ್ನು ಅಡ್ಡಹಾಯುವ ದಾರಿಯಲ್ಲಿ ಸಣ್ಣ ಏರುಗಳು ಬಹಳ. ಅಂಥ ದಾರಿಯಲ್ಲಿ ಒಂದೊಂದು ಕಿ.ಮೀ.ಗೆ 20 ಮೀಟರಿನಂತೆ ಇಪ್ಪತ್ತು ಏರುಗಳಿದ್ದರೆ ಒಟ್ಟು ಎತ್ತರ ಅದೇ 400 ಮೀಟರ್, ಆದರೆ ಅಂಕಗಳ ಮೊತ್ತ 0.8 ಮಾತ್ರ.

ಊರೊಳಗೆ ಸವಾರನನ್ನು ದಣಿಸುವುದು ಸಿಗ್ನಲ್‌ಗಳೂ ಹೌದು. ಕಡತದ ಸಮಯದಿಂದ ವೇಗ ಕಂಡುಕೊಂಡು, ಗಂಟೆಗೆ 3 ಕಿ.ಮೀ.ಗಿಂತ ಕೆಳಗಿಳಿದು ಮತ್ತೆ ಏರಿದ ಸಲಗಳನ್ನು ಎಣಿಸಿ, ಪ್ರತಿ ಕಿ.ಮೀ.ಗೆ ಎಷ್ಟು ನಿಲುಗಡೆಯೆಂದು ಬೇರೆಯಾಗಿಯೇ ಬರೆಯಿರಿ. ಅದನ್ನು ಏರಿನ ಅಂಕಕ್ಕೆ ಬೆರೆಸಿದರೆ ಎರಡೂ ಅರ್ಥ ಕಳೆದುಕೊಳ್ಳುತ್ತವೆ. ಗಾಳಿ ಕಡತದಲ್ಲಿ ಇರುವುದೇ ಇಲ್ಲ. ಮುಂಗಾರಿನಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುವಾಗ ಮಾಗಡಿಯ ಕಡೆಗೆ ಹೋಗುವುದಕ್ಕೂ ಅಲ್ಲಿಂದ ಮರಳುವುದಕ್ಕೂ ಅಜಗಜಾಂತರ, ಆದ್ದರಿಂದ ಅಂಕದ ಪಕ್ಕದಲ್ಲಿ ತಿಂಗಳನ್ನೂ ಹೊರಟ ಹೊತ್ತನ್ನೂ ನಮೂದಿಸಿ, ಹೋಗುವ ದಿಕ್ಕಿಗೂ ಬರುವ ದಿಕ್ಕಿಗೂ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಿ.