ಅಂಗಿ ಜೇಬಿನ 30 ಗ್ರಾಂ ಚಾಕು

"ಹೆಗಡೇರೇ, ಇದೆಂತ, ಉಗುರು ತೆಗೆಯೋದಾ?"

ನನ್ನ ಚಾಕು ನೋಡಿ, ಅಡಿಕೆ ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡ ಕೇಳಿದ್ದು ಹೀಗೆ. ಭಾವ ಇನ್ನೂ ಮೇಲೆ. "ತೋಟಕ್ಕೆ ಹೋಗುವವನ ಕೈಯಲ್ಲಿ ಕತ್ತಿ ಇರಬೇಕು ಮಾರಾಯಾ. ಇದರಲ್ಲಿ ಲಿಂಬೆಹಣ್ಣು ಕೊಯ್ಯಬಹುದು, ಅಷ್ಟೇ" ಎಂದಿದ್ದ. ಹೋದ ವರ್ಷ ಅದೇ ಭಾವ ಫೋನ್ ಮಾಡಿ, "ನಂಗೂ ಅಂಥದ್ದೊಂದು ತರಿಸಿಕೊಡು" ಎಂದ. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ಕತ್ತಿ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ದಿನಕ್ಕೆ ಹತ್ತು ಸಲ ಬೇಕಾಗುವ ಕೆಲಸ ಬೇರೆಯೇ ಇರುತ್ತದೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಕಾಳುಮೆಣಸಿನ ಬಳ್ಳಿಗೆ ಕಟ್ಟಿದ ದಾರ ಕತ್ತರಿಸಬೇಕು, ಡ್ರಿಪ್ ಪೈಪು ತುಂಡು ಮಾಡಬೇಕು, ಬಾಳೆ ಎಲೆ ಕೊಯ್ಯಬೇಕು. ಆಗ ಕತ್ತಿ ಮನೆಯ ಜಗಲಿಯಲ್ಲಿ ನೇತಾಡುತ್ತಿರುತ್ತದೆ. ನಾವು ಹಲ್ಲಿನಲ್ಲಿ ದಾರ ಕಚ್ಚುತ್ತಿರುತ್ತೇವೆ. ಅಲ್ವಾ?

ಮೊದಲು ಕಮ್ಮಾರನ ಹತ್ತಿರ ಹೇಳಿ ಒಂದು ಸಣ್ಣ ಚಾಕು ಮಾಡಿಸಿದೆ. ಲಾರಿಯ ಸ್ಪ್ರಿಂಗ್ ಪಟ್ಟಾದ ಕಬ್ಬಿಣ, 250 ರೂಪಾಯಿ. ಹರಿತ ಏನೋ ಭಾರಿ ಇತ್ತು. ಆದರೆ ತೂಕವೂ ಹೆಚ್ಚುಕಡಿಮೆ 200 ಗ್ರಾಂ. ಎರಡೇ ವಾರದಲ್ಲಿ ಅಂಗಿ ಜೇಬು ಹರಿಯಿತು. ಸೊಂಟಕ್ಕೆ ಕಟ್ಟಿಕೊಂಡೆ, ಬಗ್ಗಿದಾಗಲೆಲ್ಲ ಹೊಟ್ಟೆಗೆ ಚುಚ್ಚಿತು. ಈಗ ಅಡುಗೆಮನೆಯಲ್ಲಿ ಹಲಸಿನಕಾಯಿ ಕೊರೆಯಲು ಇದೆ.

ಆಮೇಲೆ ಪೇಟೆಯಲ್ಲಿ ಫಳಫಳ ಹೊಳೆಯುವ ಮಡಚುವ ಚಾಕು ಸಿಕ್ಕಿತು, 350 ರೂಪಾಯಿಗೆ. ಅದರ ಲಾಕು ಬರೀ ತೋರಿಕೆಗೆ. ಪೈಪಿಗೆ ಒತ್ತಿ ಹಿಡಿದಾಗ ಪಟಕ್ಕನೆ ಮಡಚಿ ತೋರುಬೆರಳಿಗೆ ಬಿತ್ತು. ಮೂರು ಹೊಲಿಗೆ. ಇಂಜೆಕ್ಷನ್ನು, ಮಾತ್ರೆ ಎಲ್ಲ ಸೇರಿ 900 ಚಿಲ್ಲರೆ. ಚಾಕುವಿಗಿಂತ ಬೆರಳಿನ ಖರ್ಚೇ ಜಾಸ್ತಿ. ಅವತ್ತೇ ತೀರ್ಮಾನಿಸಿದೆ, ಲಾಕು ಗಟ್ಟಿ ಇಲ್ಲದ್ದು ನನ್ನ ಜೇಬಿಗೆ ಬರಕೂಡದು.

ನಡುವೆ ಕಾಗದ ಕೊಯ್ಯುವ ಕಟರ್ ಕೂಡ ನೋಡಿದೆ. ಸುಳ್ಳು ಹೇಳಬಾರದು, ಕಸಿ ಕಟ್ಟಲು ಚೆನ್ನಾಗಿದೆ. ಆದರೆ ಮುರಿದ ತುದಿ ಎಲ್ಲಿ ಬಿತ್ತು ಎಂದು ಗೊತ್ತಾಗುವುದಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ನಾವು.

ಬೆಂಗಳೂರಿನಿಂದ ಬಂದ ಅಣ್ಣನ ಮಗ ಒಂದು ವಿಕ್ಟೋರಿನಾಕ್ಸ್ ಕ್ಲಾಸಿಕ್ ಕೊಟ್ಟ, ಕತ್ತರಿಯೂ ಇರುವ ಪುಟ್ಟ ಸ್ವಿಸ್ ಚಾಕು. 58 ಮಿಲಿಮೀಟರ್ ಉದ್ದ, 20 ಗ್ರಾಂ ಆಸುಪಾಸು. ಜೇಬಿನಲ್ಲಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ನನ್ನ ಒರಟು ಕೈಗೆ ಅದು ಹಿಡಿತಕ್ಕೆ ಸಿಗಲಿಲ್ಲ. ಹೆಂಡತಿ ಅದರ ಕತ್ತರಿ ನೋಡಿದವಳೇ ಹೊಲಿಗೆ ಡಬ್ಬಿಗೆ ಹಾಕಿಕೊಂಡಳು. ಇವತ್ತಿಗೂ ಕೊಟ್ಟಿಲ್ಲ.

ಕೊನೆಗೆ ಬಂದದ್ದು ಒಪಿನೆಲ್ 6 ನಂಬರಿನದು. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಿಂದ ಮಾಡುತ್ತಿರುವ ಚಾಕು. ಅಲಗು ಏಳು ಸೆಂಟಿಮೀಟರ್, ತೂಕ ಸುಮಾರು 30 ಗ್ರಾಂ. ಹಿಡಿಯ ಕುತ್ತಿಗೆಯಲ್ಲಿರುವ ಲೋಹದ ಬಳೆ ತಿರುಗಿಸಿದರೆ ಲಾಕು. ಆ ಬಳೆ 1955ರಲ್ಲಿ ಬಂದದ್ದಂತೆ. 5 ನಂಬರು ಮತ್ತು ಅದಕ್ಕಿಂತ ಚಿಕ್ಕದಕ್ಕೆ ಬಳೆಯೇ ಇಲ್ಲ. ಬೆರಳಿನ ಹೊಲಿಗೆ ನೆನಪಾಗಿ 6 ತೆಗೆದುಕೊಂಡೆ. ಅಲಗು ಎಷ್ಟು ತೆಳ್ಳಗೆ ಎಂದರೆ, ವೀಳ್ಯದೆಲೆಯ ನರ ತೆಗೆಯಬಹುದು. ದಪ್ಪ ಚಾಕು ಸೀಳುತ್ತದೆ, ಇದು ಕೊಯ್ಯುತ್ತದೆ.

ಮೊದಲು ತಂದದ್ದು ಕಾರ್ಬನ್ ಸ್ಟೀಲಿನದು, 1,600ಕ್ಕೋ ಏನೋ. ಒಂದು ವಾರ ರಾಜನ ಹಾಗೆ ಓಡಾಡಿದೆ. ಆಮೇಲೆ ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಸೊನೆ, ಹಸಿ ಅಡಿಕೆಯ ಒಗರು ಎರಡೂ ಸೇರಿ ಅಲಗು ಕಪ್ಪಾಯಿತು. ಕಪ್ಪಾದರೆ ಆಗಲಿ, ತುಕ್ಕು ಹಿಡಿಯದಿದ್ದರೆ ಸಾಕು ಎಂದು ನಾನೇ ಇಡೀ ಅಲಗನ್ನು ಮುರುಗಲು (ಪುನರ್ಪುಳಿ) ಹಣ್ಣಿನ ಹುಳಿ ರಸದಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಒಳ್ಳೆ ಬೂದು ಬಣ್ಣ ಬಂದಿತ್ತು. ಚಂದವೂ ಇತ್ತು. ಆದರೆ ಅದರಲ್ಲಿ ಕೊಯ್ದ ಸೇಬು ತಿಂದ ಮಗಳು, "ಅಪ್ಪಾ, ಮೊಳೆ ನೆಕ್ಕಿದ ಹಾಗಿದೆ" ಎಂದಳು.

ನಿಜವಾದ ಪೆಟ್ಟು ಕೊಟ್ಟದ್ದು ಜೂನ್ ತಿಂಗಳು. ಹಿಡಿ ಬೀಚ್ ಮರದ್ದು. ನಮ್ಮ ಮಳೆಗೆ ಬಾಗಿಲೇ ಉಬ್ಬಿ ಕೂರುತ್ತದೆ, ಇದ್ಯಾವ ಲೆಕ್ಕ? ಅಲಗು ಒಳಗೆ ಸಿಕ್ಕಿಕೊಂಡು ಹೊರಗೇ ಬರುವುದಿಲ್ಲ. ಹಿಡಿಯ ಹಿಂದಿನ ತುದಿಯನ್ನು ಕಲ್ಲಿಗೆ ಕುಟ್ಟಿದರೆ ಮೊನೆ ತುಸು ಮೇಲೆ ಬರುತ್ತದೆ, ಅದು ಸವಾಯ್‌ನವರದ್ದೇ ಉಪಾಯ. ನಾನೂ ಕುಟ್ಟಿದೆ. ಕೊನೆಗೌಡ ಮರದ ಮೇಲಿನಿಂದ, "ಅಡಿಕೆ ಸುಲಿಯುತ್ತೀರಾ?" ಎಂದ.

ಎರಡನೇ ಸಲ ಸ್ಟೇನ್‌ಲೆಸ್ ತಂದೆ, 1,900 ಇರಬೇಕು. ಈ ಸಲ ಜೇಬಿಗೆ ಹಾಕುವ ಮೊದಲೇ ಕೆಲಸ ಶುರು. ಅಲಗು ಕೂರುವ ಸೀಳಿನೊಳಗೆ ಪಾಲಿಶ್ ಪೇಪರ್ ಮಡಚಿ ಹಾಕಿ, ಎರಡೂ ಕಡೆ ಕೂದಲೆಳೆಯಷ್ಟು ತೇಯ್ದೆ. ಜಾಸ್ತಿ ತೇಯ್ದರೆ ಅಲಗು ಲಡಲಡ ಅನ್ನುತ್ತದೆ. ಆಮೇಲೆ ಹಿಡಿಗೆ ಅಗಸೆ ಎಣ್ಣೆ ಕುಡಿಸಿ, ಬಿಸಿಲಿಗಿಟ್ಟು, ಮತ್ತೆ ಕುಡಿಸಿದೆ. ಎಣ್ಣೆಗೆ ಇನ್ನೊಂದು ವಸ್ತು ಬೆರೆಸಿದ್ದೇನೆ. ಅದು ಏನು, ಎಷ್ಟು ದಿನ ಎಂದು ಇಲ್ಲಿ ಹೇಳುವುದಿಲ್ಲ, ಮನೆಗೆ ಬಂದು ಕವಳ (ಎಲೆ-ಅಡಿಕೆ) ಹಾಕಿದವರಿಗೆ ಮಾತ್ರ. ನಾಲ್ಕನೇ ಮಳೆಗಾಲ ನಡೆಯುತ್ತಿದೆ. ಒಂದು ದಿನವೂ ಕಲ್ಲಿಗೆ ಕುಟ್ಟಿಲ್ಲ.

ಹಳೇ ಕಾರ್ಬನ್ ಚಾಕು ಎಸೆಯಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಮಾಡುವ ದಿನ ಅದಕ್ಕೇ ಕೆಲಸ. ಅಲಗನ್ನು ಬೆಳ್ಳಗೆ ಉಜ್ಜಿ ಡ್ರಮ್ಮಿನಲ್ಲಿ ಅದ್ದಿ ನೋಡುತ್ತೇನೆ. ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಸ್ಟೇನ್‌ಲೆಸ್ ಅಲಗನ್ನು ಇದಕ್ಕೆ ನಂಬುವ ಹಾಗಿಲ್ಲ.

ಕಸಿ ವಿಷಯ ಹೇಳದಿದ್ದರೆ ಹೊಟ್ಟೆ ಉಬ್ಬೀತು. ಅಪ್ಪೆಮಿಡಿಗೆ ಮೊದಲು 20 ಕಟ್ಟಿದರೆ ಏಳೆಂಟು ಚಿಗುರುತ್ತಿದ್ದವು. ಈಗ 14-15. ಎಲ್ಲ ಚಾಕುವಿನ ಮಹಿಮೆ ಎನ್ನಲಾರೆ, ಕೈಯೂ ಕುದುರಿದೆ. ಆದರೆ ಕಸಿಕಡ್ಡಿಯ ಇಳಿಜಾರು ಒಂದೇ ಎಳೆತಕ್ಕೆ ನುಣ್ಣಗೆ ಬರುವುದು ತೆಳು ಅಲಗಿನಿಂದಲೇ. ಎರಡನೇ ಸಲ ಚಾಕು ಆಡಿಸಿದರೆ ಅಲ್ಲಿ ಏಣು ಬೀಳುತ್ತದೆ, ಸಸಿಯ ಸೀಳಿಗೆ ಅಂಟಿಕೊಂಡು ಕೂರುವುದಿಲ್ಲ. ಕಟ್ಟುವ ಮುಂಚೆ ಹಳೇ ಚರ್ಮದ ಬೆಲ್ಟಿಗೆ ಹಿತ್ತಾಳೆ ಉಜ್ಜುವ ಬ್ರಾಸೊ ಪಾಲಿಶ್ ಹಚ್ಚಿ ಅಲಗನ್ನು ಇಪ್ಪತ್ತು ಸಲ ಎಳೆಯುತ್ತೇನೆ. ಮುಂಗೈ ಕೂದಲು ಬೋಳಾಗಿದೆ, ಪರೀಕ್ಷೆ ಮಾಡಿ ಮಾಡಿ.

ಒಂದು ಸಲ ದೆಹಲಿಗೆ ಹೊರಟಾಗ ಜೇಬಿನಲ್ಲಿರುವುದೇ ಮರೆತುಹೋಗಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದೆ. ವಾಪಸ್ ಹೋಗಿ ದೊಡ್ಡ ಬ್ಯಾಗಿಗೆ ಹಾಕಿ ಕೊಟ್ಟು ಬರುವಷ್ಟು ಹೊತ್ತಿತ್ತು, ಬಚಾವಾದೆ. ಹಗುರ ಚಾಕುವಿನ ತೊಂದರೆ ಇದೊಂದೇ.

ಒಟ್ಟು ಲೆಕ್ಕ ಹಾಕಿದರೆ, ಬೆರಳಿನ ಹೊಲಿಗೆಯೂ ಸೇರಿ ಐದು ಸಾವಿರ ಹೋಗಿದೆ. ಹೆಂಡತಿಗೆ ಎರಡೂವರೆ ಎಂದಿದ್ದೇನೆ.

ಈ ಜೂನಿನಲ್ಲಿ ಭಾವನ ಫೋನು ಬಂತು. "ನೀ ಕೊಡಿಸಿದ ಚಾಕು ಬಾಯಿಯೇ ಬಿಡ್ತಾ ಇಲ್ಲ ಮಾರಾಯಾ."

"ಎಣ್ಣೆ ಕುಡಿಸು ಅಂದಿದ್ದೆ, ಕುಡಿಸಿದೆಯಾ?"

"ಹೂಂ, ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಸವರಿದ್ದೆ."

ಕಲ್ಲಿಗೆ ಕುಟ್ಟು ಎಂದು ಹೇಳಿ ಫೋನ್ ಇಟ್ಟೆ.